ಒಂದೇ ಟೆಂಟ್, ಬಾಡಿಗೆ ಮಾತ್ರ ತಲೆ ಲೆಕ್ಕದಲ್ಲಿ!

ಟೆಂಟ್ ಅಂದರೆ ಕಡಿಮೆ ಖರ್ಚಿನಲ್ಲಿ ಆಗುವಂಥದ್ದು ಅಲ್ವಾ? ನಾಲ್ಕು ಕೋಲು, ಒಂದು ಬಟ್ಟೆ, ಒಳಗೆ ಒಂದು ಚಾಪೆ. ಅದಕ್ಕೆ ಎಸಿ ರೂಮಿನ ಮೂರು ಪಟ್ಟು ದುಡ್ಡು ಕೇಳುತ್ತಾರೆ ಮಾರಾಯ್ರೆ. ಇದನ್ನು ಎಲ್ಲಾದರೂ ಹೇಳಲೇಬೇಕು ಅನಿಸಿತು.

ನಾವಿರುವುದು ಕುಂದಾಪುರದಲ್ಲಿ. ಡಿಸೆಂಬರ್ ರಜೆಯಲ್ಲಿ ಮಕ್ಕಳನ್ನು ಮಂಗಳೂರಿನ ಹತ್ತಿರ ವಾಮಂಜೂರಿನಲ್ಲಿರುವ ಪಿಲಿಕುಳ ನಿಸರ್ಗಧಾಮಕ್ಕೆ ಕರೆದುಕೊಂಡು ಹೋಗುತ್ತೇವೆ ಅಂತ ಮಾತು ಕೊಟ್ಟಾಗಿದೆ. ಅಲ್ಲಿ ವಾಟರ್ ಪಾರ್ಕ್ ಉಂಟು, ಝೂ ಉಂಟು, 2018ರಲ್ಲಿ ಶುರುವಾದ ತಾರಾಲಯ ಉಂಟು, ತುಳುನಾಡಿನ ಹಳೇ ಕಾಲದ ದೊಡ್ಡ ಮನೆಯ ಹಾಗೆ ಕಟ್ಟಿದ ಗುತ್ತಿನ ಮನೆ ಉಂಟು. 300 ಎಕರೆಗೂ ಜಾಸ್ತಿ ಜಾಗ. ಮಕ್ಕಳನ್ನು ನೀರಿಗೆ ಬಿಟ್ಟರೆ ಅರ್ಧ ದಿನ ಅಲ್ಲೇ ಹೋಗುತ್ತದೆ, ಉಳಿದದ್ದು ಒಂದೇ ದಿನದಲ್ಲಿ ನೋಡಿ ಮುಗಿಯುವುದಿಲ್ಲ. ನಮ್ಮಲ್ಲಿಂದ ಹೆಚ್ಚುಕಮ್ಮಿ 100 ಕಿಲೋಮೀಟರ್. ಸಾಸ್ತಾನದಲ್ಲಿ ಟೋಲ್, ಹೆಜಮಾಡಿಯಲ್ಲಿ ಮತ್ತೊಂದು ಟೋಲ್. ದಿನಾ ಹೋಗಿ ಬರುವ ಮಾತೇ ಇಲ್ಲ. ಹಾಗಾಗಿ ಒಂದು ರಾತ್ರಿ ಟೆಂಟಿನಲ್ಲಿ ಇರುವ, ಮಕ್ಕಳಿಗೂ ಖುಷಿ, ಖರ್ಚೂ ಕಡಿಮೆ ಅಂತ ಲೆಕ್ಕ ಹಾಕಿದೆವು.

ಮೊದಲ ಕಿರಿಕಿರಿ ಏನೆಂದರೆ ಟೆಂಟ್ ಬಾಡಿಗೆಗೆ ಕೊಡುವವರು ಯಾರೂ ಜಾಹೀರಾತಿನಲ್ಲಿ ರೇಟ್ ಬರೆಯುವುದಿಲ್ಲ. ಬೆಂಕಿ ಹಾಕಿಕೊಂಡು ಕೂತವರ ಫೋಟೋ, ದೀಪದ ಸರ, ಗಿಟಾರ್, ಎಲ್ಲಾ ಇರುತ್ತದೆ. ರೇಟ್ ಕೇಳಿದರೆ ‘ಮೆಸೇಜ್ ಮಾಡಿ’. ಮೆಸೇಜ್ ಮಾಡಿದರೆ ‘ಎಷ್ಟು ಜನ?’

ಆ ಎಷ್ಟು ಜನ ಅನ್ನುವುದರಲ್ಲೇ ಇರುವುದು ಎಲ್ಲಾ. ತಲೆಗೆ 1500. ನಾನು, ಗಂಡ, ಅತ್ತೆ, ಒಂಬತ್ತು ವರ್ಷದ ಮಗಳು, ಆರು ವರ್ಷದ ಮಗ. 5 ವರ್ಷ ದಾಟಿದರೆ ಫುಲ್ ಚಾರ್ಜ್ ಅಂತೆ. ಐದೂ ಜನ ಮಲಗುವುದು ಒಂದೇ ಟೆಂಟಿನಲ್ಲಿ, ಬಾಡಿಗೆ 7500! ಆರು ವರ್ಷದ ಮಗು ಎಷ್ಟು ಜಾಗ ಹಿಡಿಯುತ್ತದೆ? ಎಷ್ಟು ತಿನ್ನುತ್ತದೆ? ಅರ್ಧ ರೇಟ್ ಆದರೂ ಮಾಡಿ ಅಂದರೆ ‘ಎಲ್ಲಾ ಕಡೆ ಹೀಗೇ ಮೇಡಂ’ ಅನ್ನುತ್ತಾರೆ.

ಅದರಲ್ಲಿ ಊಟವೂ ಸೇರಿದೆಯಂತೆ, ಚಿಕನ್ ಬಾರ್ಬೆಕ್ಯೂ. ನಮ್ಮ ಅತ್ತೆಗೆ ಶನಿವಾರ ಒಪ್ಪತ್ತು. ರಾತ್ರಿ ಒಂದು ಹಿಡಿ ಅವಲಕ್ಕಿ, ಒಂದು ಲೋಟ ಹಾಲು, ಅಷ್ಟೇ. ಅವರ ಊಟದ ದುಡ್ಡು ಕಳೆಯಿರಿ ಅಂದೆ. ಆಗುವುದಿಲ್ಲ, ಪ್ಯಾಕೇಜ್! ತಿನ್ನದ ಚಿಕನ್ನಿಗೆ ಆ ಹಿರಿಯರು ಯಾಕೆ ದುಡ್ಡು ಕೊಡಬೇಕು? ಊಟ ನಾವೇ ಕಟ್ಟಿಕೊಂಡು ಬರುತ್ತೇವೆ ಅಂದರೆ ಹೊರಗಿನದ್ದು ತರುವ ಹಾಗಿಲ್ಲ. ನಮ್ಮದೇ ಟೆಂಟ್ ಉಂಟು, ಜಾಗ ಮತ್ತು ಟಾಯ್ಲೆಟ್ಟಿಗೆ ಮಾತ್ರ ಬಾಡಿಗೆ ತಗೊಳ್ಳಿ ಅಂದರೆ ಅದಕ್ಕೂ ಇಲ್ಲ.

ಇಷ್ಟರ ಮೇಲೆ 18 ಪರ್ಸೆಂಟ್ ಟ್ಯಾಕ್ಸ್ ಬೇರೆ ಅಂದರು. 7500 ರೂಪಾಯಿವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 5 ಪರ್ಸೆಂಟ್. ನಿಮ್ಮದು 18 ಹೇಗಾಯಿತು, ಬಿಲ್ಲಿನಲ್ಲಿ ಬರೆದು ಕೊಡಿ ಅಂತ ಕೇಳಿದೆ. ಬಿಲ್ ಕೊಡುವುದಿಲ್ಲವಂತೆ. ದುಡ್ಡನ್ನು ಯಾರದೋ ಸ್ವಂತ ನಂಬರಿಗೆ ಹಾಕಬೇಕಂತೆ. ಬಿಲ್ಲೇ ಇಲ್ಲದ ಮೇಲೆ ಆ ಟ್ಯಾಕ್ಸ್ ಯಾರ ಕಿಸೆಗೆ ಹೋಗುತ್ತದೆ?

ಮುಂಗಡ ಕೊಡುವ ಮೊದಲು ಜಾಗ ನೋಡಲು ಹೋಗಿದ್ದೆವು. ವಾಟರ್ ಪಾರ್ಕಿಗೆ 10 ನಿಮಿಷ ಅಂತ ಹಾಕಿದ್ದರು. ಜಾಗ ಇರುವುದು ಸುರತ್ಕಲ್ಲಿನಿಂದಲೂ ಆಚೆ, ಕಡಲ ಬದಿಯಲ್ಲಿ. ಅಲ್ಲಿಂದ ಕೂಳೂರು, ಕಾವೂರು, ಬೊಂದೇಲ್ ದಾಟಿ ವಾಮಂಜೂರಿಗೆ ಹೋಗಬೇಕು. ಕೂಳೂರು ಸೇತುವೆಯ ಟ್ರಾಫಿಕ್ಕಿನಲ್ಲಿ ಒಮ್ಮೆ ನಿಂತವರಿಗೆ ಆ 10 ನಿಮಿಷದ ಸುಳ್ಳು ಗೊತ್ತಾಗುತ್ತದೆ.

ಟೆಂಟಿನ ಜಿಪ್ ಕಿತ್ತುಹೋಗಿ ಎರಡು ಸೇಫ್ಟಿ ಪಿನ್ ಚುಚ್ಚಿದ್ದರು. ಒಳಗೆ ಬೆರಳು ದಪ್ಪದ ಸ್ಪಂಜಿನ ಹಾಸಿಗೆ, ಕೈಯಿಟ್ಟರೆ ಹೊಯ್ಗೆ, ಮೂಲೆಯಲ್ಲಿ ಇಬ್ಬನಿ ಬಿದ್ದು ಕಪ್ಪಾದ ಬೂಷ್ಟಿನ ಕಲೆ. ಅಷ್ಟೂ ಟೆಂಟಿಗೆ ಟಾಯ್ಲೆಟ್ ಎರಡೇ. ಹೆಂಗಸರದ್ದು ಅಂತ ತೋರಿಸಿದ ಬಾಗಿಲಿಗೆ ಚಿಲಕ ಇಲ್ಲ, ಚಿಲಕ ಇದ್ದ ಜಾಗದಲ್ಲಿ ಪ್ಲಾಸ್ಟಿಕ್ ಹಗ್ಗ. ಕೈಯಲ್ಲಿ ಅದನ್ನು ಎಳೆದು ಹಿಡಿದುಕೊಂಡೇ ಕೂರಬೇಕು. ಒಂಬತ್ತು ವರ್ಷದ ಹುಡುಗಿಯನ್ನು, ಮಂಡಿ ನೋವಿನ ಅತ್ತೆಯನ್ನು ರಾತ್ರಿ ಅಲ್ಲಿಗೆ ಹೇಗೆ ಕಳಿಸಲಿ? ರಾತ್ರಿ 10ರ ನಂತರ ಸ್ಪೀಕರ್ ಬಂದ್ ಮಾಡುತ್ತೀರಾ, ಕಾನೂನೇ ಹಾಗಿದೆಯಲ್ಲ ಅಂತ ಕೇಳಿದೆ. ಪಾರ್ಟಿಯವರು ಬಂದರೆ ಏನೂ ಹೇಳಲು ಆಗುವುದಿಲ್ಲ ಅಂದರು. ಅಂದರೆ ಇದು ಸಂಸಾರಸ್ಥರಿಗೆ ಮಾಡಿದ್ದೇ ಅಲ್ಲ. ಮತ್ತೆ ‘ಫ್ಯಾಮಿಲಿ ಕ್ಯಾಂಪಿಂಗ್’ ಅಂತ ಬೋರ್ಡ್ ಯಾಕೆ?

ಸುಮ್ನೆ ಬೀಚಿನಲ್ಲಿ ಟೆಂಟ್ ಹಾಕಿ ಅಂತ ಕೆಲವರು ಹೇಳುತ್ತಾರೆ. ಮಕ್ಕಳು, ವಯಸ್ಸಾದವರು ಜೊತೆಗಿರುವಾಗ ಬೆಳಕಿಲ್ಲದ, ನೀರಿಲ್ಲದ ಜಾಗದಲ್ಲಿ ಹೇಗೆ ಮಲಗುವುದು?

ನಮಗೆ ಗಿಟಾರ್ ಬೇಡ, ದೀಪದ ಸರವೂ ಬೇಡ. ಟೆಂಟಿಗೆ ಇಷ್ಟು ಅಂತ ಒಂದು ರೇಟ್ ಬರೆದು ಹಾಕಿ. ಊಟ ಬೇಕಾದವರಿಗೆ ಮಾತ್ರ ಕೊಡಿ. ಬಿಲ್ ಕೊಡಿ. ಸದ್ಯಕ್ಕೆ ನಾವು ಮಂಗಳೂರಿನಲ್ಲಿ ಒಂದು ಲಾಡ್ಜ್ ಬುಕ್ ಮಾಡಿದ್ದೇವೆ. ಎಸಿ ರೂಮು, ಎಕ್ಸ್‌ಟ್ರಾ ಬೆಡ್ ಸೇರಿ 2500. ಮಗ ಮಾತ್ರ ಟೆಂಟ್ ಯಾಕಿಲ್ಲ ಅಂತ ಇನ್ನೂ ಕೇಳುತ್ತಿದ್ದಾನೆ. ವಾಮಂಜೂರು, ಗುರುಪುರ ಕಡೆ ಮನೆಯವರೆಲ್ಲ ಇರಬಹುದಾದ, ಬಾಗಿಲು ಸರಿಯಾಗಿ ಹಾಕಿಕೊಳ್ಳಬಹುದಾದ ಜಾಗ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಹೇಳಿ, ರೇಟ್ ಸಮೇತ.