ಸ್ಪಷ್ಟನೆ: ಡಿಆರ್‌ಎಲ್ ಇದ್ದರೂ ಮಳೆಯಲ್ಲಿ ಹೆಡ್‌ಲೈಟ್ ಬೇಕು

‘ಕಾರಿಗೆ ಡಿಆರ್‌ಎಲ್ (ಹಗಲಲ್ಲಿ ಕಾರಿನ ಮುಂದೆ ತಾನಾಗಿಯೇ ಉರಿಯುವ ದೀಪ) ಇದ್ದರೆ ಮಳೆಗಾಲದ ಹಗಲಲ್ಲಿ ಹೆಡ್‌ಲೈಟ್ ಬೇಕಿಲ್ಲ, ಹಾಕಿದರೆ ಬ್ಯಾಟರಿ ಇಳಿಯುತ್ತದೆ’ ಎಂಬ ಸಂದೇಶ ಉಡುಪಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಡಿಆರ್‌ಎಲ್ ಇರುವುದು ಎದುರಿನವರಿಗೆ ನಮ್ಮ ಕಾರು ಕಾಣಲೆಂದು. ಬಹಳಷ್ಟು ಕಾರುಗಳಲ್ಲಿ ಅದೊಂದೇ ಉರಿಯುವಾಗ ಹಿಂದಿನ ಕೆಂಪು ದೀಪ ಉರಿಯುವುದೇ ಇಲ್ಲ. ಪಡುಬಿದ್ರಿ ದಾಟಿ ಕಾಪು ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬರುವಾಗ, ಲಾರಿ ಚಕ್ರ ಎಬ್ಬಿಸಿದ ನೀರಿನ ಪರದೆಯೊಳಗೆ ಬೂದು ಬಣ್ಣದ ಕಾರೊಂದು ಕರಗಿಹೋಗಿದ್ದನ್ನು ನಾನೇ ಕಂಡಿದ್ದೇನೆ. ಅದರ ಚಾಲಕ ಬ್ರೇಕ್ ಒತ್ತಿದಾಗಲೇ ಮುಂದೊಂದು ಕಾರಿದೆ ಎಂದು ಗೊತ್ತಾದದ್ದು. ಎದೆ ಧಸಕ್ಕೆಂದಿತು.

ಮಳೆ ಜೋರಾದರೆ ಲೋ ಬೀಮ್ (ಹೆಡ್‌ಲೈಟ್‌ನ ತಗ್ಗಿದ ಬೆಳಕು) ಹಾಕಿ, ಹಿಂದಿನ ದೀಪವೂ ಜೊತೆಗೇ ಉರಿಯುತ್ತದೆ. ಹೈ ಬೀಮ್ ಬೇಡ. ಆಗುಂಬೆ ಘಾಟಿಯ ಮಂಜಿನಲ್ಲಂತೂ ಆ ಬೆಳಕು ನಮ್ಮ ಕಣ್ಣಿಗೇ ವಾಪಸ್ ಹೊಡೆಯುತ್ತದೆ. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸುವುದನ್ನು ದಯವಿಟ್ಟು ಬಿಡಿ. ನೀವು ಎತ್ತ ತಿರುಗುತ್ತೀರೆಂದು ಹಿಂದಿನವರಿಗೆ ತಿಳಿಯುವುದಿಲ್ಲ.

ಬ್ಯಾಟರಿಯ ಚಿಂತೆಯೂ ಬೇಡ. ಎಂಜಿನ್ ಓಡುವಾಗ ದೀಪಕ್ಕೆ ಕರೆಂಟ್ ಕೊಡುವುದು ಆಲ್ಟರ್ನೇಟರ್, ಅಂದರೆ ಎಂಜಿನ್ ಬಲದಿಂದ ಕರೆಂಟ್ ತಯಾರಿಸುವ ಯಂತ್ರ. 2017ರ ಏಪ್ರಿಲ್‌ನಿಂದ ಹೊಸ ಬೈಕ್, ಸ್ಕೂಟರ್‌ಗಳ ಹೆಡ್‌ಲೈಟ್ ಹಗಲಿಡೀ ಉರಿಯುತ್ತಲೇ ಇದೆಯಲ್ಲ.

ಅನುಮಾನವಿದ್ದರೆ ಹ್ಯಾಂಡ್‌ಬ್ರೇಕ್ ಎಳೆದು, ಡಿಆರ್‌ಎಲ್ ಉರಿಯುತ್ತಿರುವಾಗ ಇಳಿದು ನಿಮ್ಮ ಕಾರಿನ ಹಿಂಬದಿಯನ್ನು ಒಮ್ಮೆ ನೋಡಿ.