ಕೂಗ್ತಾ?

ನಮ್ಮ ಮನೆಯಲ್ಲಿ ಗಡಿಯಾರ ಇತ್ತು. ಆದರೆ ಅದನ್ನು ಯಾರೂ ನಂಬುತ್ತಿರಲಿಲ್ಲ. ಅಪ್ಪನ ಮದುವೆಗೆ ಯಾರೋ ಉಡುಗೊರೆ ಕೊಟ್ಟ ಗೋಡೆ ಗಡಿಯಾರ. ಕೀ ಕೊಟ್ಟರೆ ಓಡುತ್ತಿತ್ತು, ಮರೆತರೆ ನಿಂತುಬಿಡುತ್ತಿತ್ತು. ಟೈಮೆಷ್ಟು ಅಂತ ಅಮ್ಮ ಕೇಳಿದ್ದು ನನಗೆ ನೆನಪಿಲ್ಲ. "ಕೂಗ್ತಾ?" ಅಂತ ಕೇಳುತ್ತಿದ್ದಳು. ಏನು ಕೂಗಬೇಕು ಅಂತ ಭದ್ರಾವತಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಬ್ಬಿಣದ ಕಾರ್ಖಾನೆ ಸೈರನ್ನು, ಇನ್ನೇನು.

ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10. ನಮ್ಮ ದಿನಕ್ಕೆ ಮೂರೇ ಗಂಟೆ. ಮಿಕ್ಕಿದ್ದೆಲ್ಲ ಅದರ ಹಿಂದೆ, ಇಲ್ಲ ಮುಂದೆ. "ಎರಡರ ಕೂಗಿಗೆ ಮುಂಚೆ ಬಟ್ಟೆ ಒಗೆದು ಮುಗಿಸಬೇಕು", "ಹತ್ತರ ಕೂಗಾಯ್ತು, ಇನ್ನೂ ಮಲಗಿಲ್ವಾ?" ಹೀಗೆ. ನನ್ನ ತಮ್ಮ ಹುಟ್ಟಿದ್ದು ಎಷ್ಟು ಹೊತ್ತಿಗೆ ಅಂತ ಜೋಯಿಸರು ಕೇಳಿದಾಗಲೂ ಅಮ್ಮ "ಆರರ ಕೂಗು ಆಗಿ ಕಾಫಿ ಕುಡಿಯುವಷ್ಟು ಹೊತ್ತಾಗಿತ್ತು" ಅಂದಳಂತೆ. ಜೋಯಿಸರೂ ಊರಿನವರೇ. ತಲೆ ಆಡಿಸಿ ಬರೆದುಕೊಂಡರು. ಅವನ ಜಾತಕ ಇವತ್ತಿಗೂ ಆ ಕಾಫಿಯ ಮೇಲೇ ನಿಂತಿದೆ.

ಒಂದು ಸಲ ತರೀಕೆರೆ ಕಡೆಯ ಹಳ್ಳಿಯಿಂದ ಅಜ್ಜಿ ಬಂದಿದ್ದಳು. ಮೊದಲ ರಾತ್ರಿ ಹತ್ತರ ಸೈರನ್ ಕೂಗಿದ್ದೇ ತಡ, ಹಾಸಿಗೆಯಿಂದ ಎದ್ದು ಕೂತು "ನಾರಾಯಣ, ನಾರಾಯಣ" ಅನ್ನತೊಡಗಿದಳು. ಸಮಾಧಾನ ಮಾಡಿ ಮಲಗಿಸಿದೆವು. ಸ್ವಲ್ಪ ಹೊತ್ತಿಗೆ ಕಿಟಕಿಯಲ್ಲಿ ಆಕಾಶ ಕೆಂಪಾಯಿತು. ಕುಲುಮೆಯಿಂದ ತೆಗೆದ ಕಿಟ್ಟವನ್ನು ಸುರಿಯುವಾಗ ಹಾಗಾಗುತ್ತಿತ್ತು. ಕೆಂಡದಂಥ ಬೆಳಕು ಮೋಡಕ್ಕೆ ಬಡಿದು, ಎದುರು ಮನೆ ಹೆಂಚು ಎಣಿಸುವಷ್ಟು ಚೆನ್ನಾಗಿ ಕಾಣಿಸುತ್ತಿತ್ತು. "ಎಲ್ಲೋ ಬೆಂಕಿ ಬಿದ್ದಿದೆ ಏಳ್ರೋ!" ಅಂತ ಅಜ್ಜಿ ಮತ್ತೆ ಎದ್ದಳು. ನಾವು ಮಗ್ಗುಲು ಬದಲಿಸಿ ಮಲಗಿದೆವು. ಆಕೆಯ ಗಾಬರಿಗೂ ಅರ್ಥ ಇತ್ತು ಬಿಡಿ. ನಮ್ಮೂರಿನ ಹಳೆಯ ಹೆಸರೇ ಬೆಂಕಿಪುರ. ಕುಲುಮೆ ಬರುವ ಮೊದಲೇ ಹೆಸರಲ್ಲಿ ಬೆಂಕಿ ಬಂದು ಕೂತಿತ್ತು. ಆಮೇಲೆ ನಿಜವಾದ ಬೆಂಕಿ ಬಂತು, ಊರು ಮಾತ್ರ ಪಕ್ಕದಲ್ಲಿ ಹರಿಯುವ ನದಿಯ ಹೆಸರಿಟ್ಟುಕೊಂಡು ತಣ್ಣಗಾಯಿತು.

ಮೂರನೇ ದಿನಕ್ಕೆ ಅಜ್ಜಿ ಹೊಂದಿಕೊಂಡಳು. ಎರಡರ ಕೂಗಿಗೆ ಸರಿಯಾಗಿ ಮಾತ್ರೆ ನುಂಗತೊಡಗಿದಳು. ಹಳ್ಳಿಗೆ ವಾಪಸ್ ಹೋದ ಮೇಲೆ "ಇಲ್ಲಿ ಮಾತ್ರೆಯ ಹೊತ್ತೇ ಗೊತ್ತಾಗಲ್ಲ ಕಣೇ" ಅಂತ ಕಾಗದ ಬರೆಸಿದ್ದಳು.

ಕಾರ್ಖಾನೆ ಶುರುವಾಗಿದ್ದು 1918ರಲ್ಲಿ, ಕಬ್ಬಿಣ ಕರಗಿ ಹರಿದಿದ್ದು 1923ರಲ್ಲಿ. ಇವೆರಡು ಇಸವಿ ನಮಗೆ ಮಗ್ಗಿಯ ಜೊತೆಯಲ್ಲೇ ಬಾಯಿಪಾಠ ಆಗಿದ್ದವು. ಕಾಡಿನ ಸೌದೆ ಸುಟ್ಟು ಮಾಡಿದ ಇದ್ದಿಲಿನಲ್ಲಿ ಆಗ ಕಬ್ಬಿಣ ಕರಗಿಸುತ್ತಿದ್ದರಂತೆ. ಅದಿರು ಬರುತ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದ. ಈಗ ಬೆಂಗಳೂರಿನವರು ಅಲ್ಲಿಗೆ ವೀಕೆಂಡಿಗೆ ಹೋಗಿ ಮಂಜಿನಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ. ನನಗೆ ಆ ಹೆಸರು ಕೇಳಿದರೆ ಇವತ್ತಿಗೂ ಮಂಜು ನೆನಪಾಗಲ್ಲ, ಅದಿರು ನೆನಪಾಗುತ್ತದೆ. ವಿಶ್ವೇಶ್ವರಯ್ಯನವರ ಫೋಟೋ ಅಂತೂ ಎಲ್ಲರ ಮನೆಯಲ್ಲೂ ಇತ್ತು. ನಮ್ಮ ಮನೆಯಲ್ಲಿ ಅವರು ವೆಂಕಟರಮಣನಿಗೂ ಲಕ್ಷ್ಮಿಗೂ ನಡುವೆ, ಪೇಟ ಕಟ್ಟಿಕೊಂಡು ನಿಂತಿದ್ದರು. ಹೂವು ಮೂವರಿಗೂ ಸಮ.

ಊರಿನಲ್ಲಿ ಇನ್ನೊಂದು ಕಾರ್ಖಾನೆಯೂ ಇತ್ತಲ್ಲ, 1936ರ ಪೇಪರ್ ಮಿಲ್ಲು. ನಾವು ನ್ಯೂಟೌನಿನವರು, ಅವರು ಪೇಪರ್ ಟೌನಿನವರು. ಕ್ರಿಕೆಟ್ ಮ್ಯಾಚಿನಲ್ಲಿ ಜಗಳ ಆದರೆ ಮೊದಲ ಮಾತು ಇದೇ. "ಹೋಗ್ರೋ, ಮಳೆ ಬಂದರೆ ನೆನೆದು ಮುದ್ದೆಯಾಗೋರು ನೀವು." ಆ ಕಡೆಯಿಂದ ಉತ್ತರ ಸಿದ್ಧವಾಗಿರುತ್ತಿತ್ತು. "ನೀವೇನು ಕಮ್ಮಿ? ಮಳೆ ಬಂದರೆ ತುಕ್ಕು ಹಿಡಿಯೋರು!" ಮಲೆನಾಡಿನ ಅಂಚಿನ ಊರು. ಜೂನ್ ಬಂತೆಂದರೆ ಇಬ್ಬರಿಗೂ ಮಳೆ ತಪ್ಪುತ್ತಿರಲಿಲ್ಲ.

ನಮ್ಮ ಸಾಲಿನಲ್ಲಿ ಪಕ್ಕದ ಮನೆಯವರು ತಮಿಳು, ಎದುರಿನವರು ತೆಲುಗು, ಹಿಂದಿನ ಮನೆಯವರು ಮಲಯಾಳ. ಅಮ್ಮ ಮೂರು ಭಾಷೆಯಲ್ಲಿ ಹೆಪ್ಪು ಕೇಳಬಲ್ಲವಳಾಗಿದ್ದಳು. ನಾನು ಅದೇ ಮೂರು ಭಾಷೆಯಲ್ಲಿ ಬೇರೆ ಏನೇನೋ ಕಲಿತಿದ್ದೆ. ಅದನ್ನಿಲ್ಲಿ ಬರೆಯುವ ಹಾಗಿಲ್ಲ.

ಆದರೆ ಈ ಸೈರನ್ನಿಗಿಂತ ಗಟ್ಟಿಯಾಗಿ ನನಗೆ ನೆನಪಿರುವುದು ಒಂದು ಸದ್ದಿಲ್ಲದಿರುವಿಕೆ. ನೈಟ್ ಶಿಫ್ಟಿನ ವಾರದ ಹಗಲು.

ಬೆಳಿಗ್ಗೆ ಆರರ ಕೂಗಾದ ಮೇಲೆ ಅಪ್ಪ ಸೈಕಲ್ ಒರಗಿಸಿ, ಟಿಫನ್ ಬಾಕ್ಸನ್ನು ಬಚ್ಚಲ ಹತ್ತಿರ ಇಟ್ಟು, ಸ್ನಾನ ಮಾಡಿ, ತಿಂಡಿ ತಿಂದು ಮಲಗುತ್ತಿದ್ದ. ಅಮ್ಮ ಕಿಟಕಿಗೆ ಕರಿ ಕಂಬಳಿ ಹೊದಿಸುತ್ತಿದ್ದಳು. ಅಲ್ಲಿಂದ ಮನೆ ಮೂಕ. ಒರಳುಕಲ್ಲಿನ ಕೆಲಸ ಇಲ್ಲ. ಒಗ್ಗರಣೆ ಹಾಕುವಾಗಲೂ ಸಾಸಿವೆ ಸಿಡಿಯುವ ಮೊದಲೇ ತಟ್ಟೆ ಮುಚ್ಚುತ್ತಿದ್ದಳು. ಪಾತ್ರೆಯನ್ನು ಇಳಿಸುವಾಗ ಕೆಳಗೆ ಎಡಗೈ ಕೊಟ್ಟು, ಮೊದಲು ಬೆರಳು, ಆಮೇಲೆ ಪಾತ್ರೆ ನೆಲಕ್ಕೆ ತಾಗುವ ಹಾಗೆ ಇಡುತ್ತಿದ್ದಳು. ಸೊಪ್ಪಿನವಳು ಸಾಲಿನ ತುದಿಯಲ್ಲಿ ಕಂಡರೆ ಓಡಿಹೋಗಿ ಅಲ್ಲೇ ತಡೆಯುವುದು ನನ್ನ ಡ್ಯೂಟಿ. ಹಾಗೆ ನೋಡಿದರೆ ಆಕೆಗೂ ಗೊತ್ತಿರುತ್ತಿತ್ತು. ಹಗಲು ಹತ್ತು ಗಂಟೆಗೆ ಬಾಗಿಲು ಮುಚ್ಚಿ, ಹೊರಗೆ ಸೈಕಲ್ ನಿಂತಿದ್ದರೆ ಒಳಗೊಬ್ಬ ಗಂಡಸು ಮಲಗಿದ್ದಾನೆ ಅಂತಲೇ. ಅಂಥ ಮನೆ ಮುಂದೆ ಆಕೆ ಸೊಪ್ಪಿನ ಹೆಸರನ್ನು ಗುಟ್ಟು ಹೇಳಿದ ಹಾಗೆ ಹೇಳುತ್ತಿದ್ದಳು. "ದಂಟು... ಮೆಂತ್ಯ... ಸಬ್ಬಸಿಗೆ..."

ಈ ಮೌನ ಮುರಿದು ನಾನು ಸಿಕ್ಕಿಬಿದ್ದದ್ದು ಒಂದೇ ಸಲ. ಅದು 1975ರ ಜನವರಿ, ಶನಿವಾರ. ಅರ್ಧ ದಿನ ಸ್ಕೂಲು. ಮದರಾಸಿನಲ್ಲಿ ವೆಸ್ಟ್ ಇಂಡೀಸ್ ಜೊತೆ ಟೆಸ್ಟ್ ಮ್ಯಾಚು. ನಮ್ಮೂರಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಆಡುತ್ತಿದ್ದಾರೆ. ಅಪ್ಪ ಒಳಗೆ ನಿದ್ದೆಯಲ್ಲಿ. ನಾನು, ತಮ್ಮ, ಪಕ್ಕದ ಮನೆಯ ಹುಡುಗ ಮೂವರೂ ಒಂದೇ ದುಪ್ಪಟಿಯೊಳಗೆ ರೇಡಿಯೋ ಸಮೇತ ಹೊಕ್ಕಿದ್ದೆವು. ಕಾಮೆಂಟರಿ ಇಂಗ್ಲಿಷಿನಲ್ಲಿ. ನಮಗೆ ತಿಳಿಯುತ್ತಿದ್ದದ್ದು ಹೆಸರು, ನಂಬರು, ಮತ್ತೆ ಜನರ ಗದ್ದಲ. ಆಂಡಿ ರಾಬರ್ಟ್ಸ್ ಅನ್ನುವ ಹೆಸರು ಬಂದಾಗಲೆಲ್ಲ ಒಬ್ಬ ಔಟಾಗುತ್ತಿದ್ದ. ಎರಡರ ಸೈರನ್ ಶುರುವಾಗಿ ಕಾಮೆಂಟರಿ ಮುಳುಗಿಹೋಯಿತು. ಅದು ಮುಗಿಯುವವರೆಗೆ ಮೂವರೂ ಉಸಿರು ಬಿಗಿಹಿಡಿದಿದ್ದೆವು. ಜೀವನದಲ್ಲಿ ಅಷ್ಟು ಉದ್ದದ ಕೂಗು ಮತ್ತೆ ಕೇಳಿಲ್ಲ. ಅದು ನಿಂತಾಗ ವಿಶ್ವನಾಥ್ ಇನ್ನೂ ಇದ್ದರು.

ಕಡೆಗೆ 97. ಇನ್ನು ಮೂರು ರನ್ನು. ಈ ತುದಿಯಲ್ಲಿ ಕೊನೆಯ ಬ್ಯಾಟ್ಸ್‌ಮನ್ ಚಂದ್ರಶೇಖರ್. ಆಮೇಲೆ ಏನಾಯಿತು ಅಂತ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ಟೀಮ್ 190ಕ್ಕೆ ಆಲ್ ಔಟ್, ವಿಶ್ವನಾಥ್ 97 ನಾಟ್ ಔಟ್. ನಾವು ಮೂವರೂ ದುಪ್ಪಟಿ ಒಳಗಿಂದಲೇ "ಛೇ!" ಅಂತ ಕಿರುಚಿದೆವು.

ಒಳಗೆ ಮಂಚ ಕಿರುಗುಟ್ಟಿತು. ಅಪ್ಪ ಬಾಗಿಲಲ್ಲಿ ಬಂದು ನಿಂತ. ಬನಿಯನ್ನು, ಕೆದರಿದ ಕೂದಲು, ಕಣ್ಣು ಕೆಂಪು. ಅಮ್ಮ ಅಡುಗೆಮನೆಯಲ್ಲಿ ನಿಂತಲ್ಲೇ ನಿಂತಳು. ನಾನು ಬೆನ್ನು ಗಟ್ಟಿ ಮಾಡಿಕೊಂಡೆ.

"ಎಷ್ಟು?" ಅಂದ ಅಪ್ಪ.

"ತೊಂಬತ್ತೇಳು."

ಅಪ್ಪ ಸ್ವಲ್ಪ ಹೊತ್ತು ಹಾಗೇ ನಿಂತಿದ್ದ. "ಆ ಚಂದ್ರಶೇಖರಂಗೆ ಒಂದೆರಡು ಬಾಲು ತಡ್ಕೊಳೋಕೆ ಏನಾಗಿತ್ತು" ಅಂತ ಗೊಣಗಿ ವಾಪಸ್ ಹೋಗಿ ಮಲಗಿದ. ಆದರೆ ನಿದ್ದೆ ಬಂದಿರಲಿಕ್ಕಿಲ್ಲ. ಮಂಚ ತುಂಬಾ ಹೊತ್ತು ಕಿರುಗುಟ್ಟುತ್ತಲೇ ಇತ್ತು.

ಅಪ್ಪ ರಿಟೈರ್ ಆದ ಮೇಲೆ ಕ್ವಾರ್ಟರ್ಸ್ ಬಿಟ್ಟೆವು. ನಾನು ಬೆಂಗಳೂರು ಸೇರಿ ಎಷ್ಟೋ ವರ್ಷವಾಯಿತು. ಈಗ ನನ್ನ ಫೋನಿನಲ್ಲೇ ಆರು ಅಲಾರಂ ಇವೆ. ನನ್ನ ಹೆಂಡತಿಯದು ಬೇರೆ, ಮಗನದು ಬೇರೆ. ಮೂವರೂ ಬೇರೆ ಬೇರೆ ಹೊತ್ತಿಗೆ ಏಳುತ್ತೇವೆ, ಬೇರೆ ಬೇರೆ ಹೊತ್ತಿಗೆ ತಿನ್ನುತ್ತೇವೆ. ಮಗ ಅಮೆರಿಕದವರ ಹೊತ್ತಿಗೆ ಕೆಲಸ ಮಾಡುತ್ತಾನೆ. ಅವನದೂ ಒಂಥರಾ ನೈಟ್ ಶಿಫ್ಟೇ, ಆದರೆ ಹಗಲಲ್ಲಿ ಕಿವಿಗೆ ಏನೋ ಸಿಕ್ಕಿಸಿಕೊಂಡು ಮಲಗುತ್ತಾನೆ. ಕುಕ್ಕರ್ ಕೂಗಿದರೂ, ಎದುರು ರಸ್ತೆಯಲ್ಲಿ ಡ್ರಿಲ್ ಹೊಡೆದರೂ ಅವನಿಗೆ ಏನೂ ಕೇಳಿಸಲ್ಲ. ಇದನ್ನು ಅಮ್ಮನಿಗೆ ಎಷ್ಟೋ ಸಲ ಹೇಳಿದ್ದೇನೆ.

ಅಪ್ಪ ಹೋಗಿ ಹನ್ನೊಂದು ವರ್ಷ. ಅಮ್ಮನಿಗೆ ಎಂಬತ್ತು ದಾಟಿದೆ, ಕೈ ಸ್ವಲ್ಪ ನಡುಗುತ್ತದೆ. ನಿನ್ನೆ ಮಧ್ಯಾಹ್ನ ಸಾರಿನ ಪಾತ್ರೆ ಇಳಿಸುವಾಗ ನೋಡಿದೆ. ಎಡಗೈ ಕೆಳಗೆ ಕೊಟ್ಟು, ಮೊದಲು ಬೆರಳು, ಆಮೇಲೆ ಪಾತ್ರೆ. ಕಟ್ಟೆ ಮೇಲೆ ಅದು ಕೂತಿದ್ದು ನನಗೆ ಕೇಳಿಸಲೇ ಇಲ್ಲ.