ನೋಡಿದ್ರೆ ಕಮ್ಮಿ ಆಗುತ್ತಂತೆ!

ಇವತ್ತು ಅರ್ಧ ದಿನ ರಜೆ ಹಾಕಿ ಅಕ್ಕನ ಮಗನ ಜೊತೆ ಬ್ಯಾಂಕಿಗೆ ಹೋಗಿದ್ದೆ. ಪೀಣ್ಯದಲ್ಲಿ ಕೆಲಸ ಮಾಡ್ತಾನಲ್ಲ, ಹೋದ ವರ್ಷ ನಮ್ಮನೆ ಶಿಫ್ಟ್ ಮಾಡುವಾಗ ವಾಷಿಂಗ್ ಮಷೀನನ್ನ ಮೂರನೇ ಮಹಡಿಗೆ ಹೊತ್ತು ಹಾಕಿದ್ನಲ್ಲ, ಅವನೇ. ಸಾಗರದಲ್ಲಿ ಭಾವನ ಸೈಟಿನಲ್ಲಿ ಮನೆ ಕಟ್ಟೋಣ ಅಂತ ಹೋಮ್ ಲೋನಿಗೆ ಹಾಕಿದ್ದ. ಸ್ಯಾಲರಿ ಸ್ಲಿಪ್, ಫಾರ್ಮ್ 16, ಇ-ಸ್ವತ್ತು, ಪ್ಲಾನು, ಎಸ್ಟಿಮೇಟು, ಎಲ್ಲಾ ಒಂದು ಫೈಲಲ್ಲಿ ನೀಟಾಗಿ ಜೋಡಿಸಿಕೊಂಡು, ಹುಡುಗಿ ನೋಡಕ್ಕೆ ಹೋಗೋನ ಥರ ಇಸ್ತ್ರಿ ಶರ್ಟ್ ಹಾಕ್ಕೊಂಡು ಬಂದಿದ್ದ ಪಾಪ. ಮೇಡಂ ಫೈಲ್ ಬಿಚ್ಚಲೂ ಇಲ್ಲ. ಪ್ಯಾನ್ ನಂಬರ್ ಹೊಡೆದ್ರು, ಮಾನಿಟರ್ ಸ್ವಲ್ಪ ನಮ್ಮ ಕಡೆ ತಿರುಗಿಸಿದ್ರು, ಕ್ರೆಡಿಟ್ ಸ್ಕೋರ್ 641. ಸಿಬಿಲ್ ಸ್ಕೋರ್ ಅಂತೀವಲ್ಲ, ಹಿಂದಿನ ಸಾಲ ಎಷ್ಟು ಸರಿಯಾಗಿ ಕಟ್ಟಿದೀವಿ ಅಂತ ನೋಡಿ ಕೊಡೋ ಅಂಕ, ಅದು.

"ಸ್ಕೋರ್ ಕಮ್ಮಿ ಇದೆ ಸರ್, ಸಿಸ್ಟಮ್ ತಗೊಳಲ್ಲ."

ಯಾಕೆ ಮೇಡಂ ಕಮ್ಮಿ ಆಗಿದೆ ಅಂದೆ. ಅದೆಲ್ಲ ನಮಗೆ ಗೊತ್ತಾಗಲ್ಲ, ಆರು ತಿಂಗಳು ಬಿಟ್ಟು ಬನ್ನಿ ಅಂದ್ರು. ಅಷ್ಟಕ್ಕೇ ಬಿಟ್ಟಿದ್ರೆ ನಾನು ಈ ಪೋಸ್ಟ್ ಬರೀತಾನೇ ಇರ್ಲಿಲ್ಲ. ನಾವು ಎದ್ದು ನಿಂತ ಮೇಲೆ ಒಂದು ಉಪದೇಶ ಬಂತು ನೋಡಿ, "ಆಮೇಲೆ ಅದನ್ನ ಪದೇ ಪದೇ ಚೆಕ್ ಮಾಡ್ತಾ ಕೂರ್ಬೇಡಪ್ಪಾ, ನೋಡಿದಷ್ಟೂ ಇಳಿಯುತ್ತೆ."

ನನ್ನ ಬಿಪಿ ಏರಿದ್ದು ಅಲ್ಲಿ.

ಈ ಮಾತನ್ನ ನಾನು ಇನ್ನೆಷ್ಟು ಜನರ ಬಾಯಲ್ಲಿ ಕೇಳ್ಬೇಕು? ಆಫೀಸಲ್ಲಿ ಹೇಳ್ತಾರೆ, ಬೈಕ್ ಶೋರೂಮಲ್ಲಿ ಹೇಳ್ತಾರೆ, ಈಗ ಸಾಲ ಕೊಡೋ ಸೀಟಲ್ಲಿ ಕೂತವರೇ ಹೇಳ್ತಿದಾರೆ. ಹೊರಗೆ ಬಂದು ಲೋ ನಿನ್ನ ಕ್ರೆಡಿಟ್ ರಿಪೋರ್ಟ್, ಅದೇ ಆ ಅಂಕದ ಹಿಂದಿರೋ ಸಾಲದ ಜಾತಕ, ಯಾವತ್ತಾದ್ರೂ ನೋಡಿದೀಯೇನೋ ಅಂದ್ರೆ ಇವನೂ ಅದನ್ನೇ ಅಂದ, "ಇಲ್ಲ ಮಾಮ, ನೋಡಿದ್ರೆ ಕಮ್ಮಿ ಆಗುತ್ತಂತೆ." ನಾಲ್ಕು ವರ್ಷದಿಂದ ದುಡೀತಿದಾನೆ, ಒಂದು ಸಲಾನೂ ನೋಡಿಲ್ಲ. ಅದೇನು ಮಗುಗೆ ದೃಷ್ಟಿ ಆಗೋ ಲೆಕ್ಕಾನಾ, ಕಣ್ಣು ಬಿದ್ರೆ ಸೊರಗಿ ಹೋಗಕ್ಕೆ? ಇವರಪ್ಪ ಅಂದ್ರೆ ನಮ್ಮ ಭಾವ ದಿನಕ್ಕೆ ಮೂರು ಸಲ ಮೊಬೈಲಲ್ಲಿ ರಾಶಿ ಅಡಿಕೆ ರೇಟ್ ನೋಡ್ತಾರೆ, ಊಟಕ್ಕೆ ಮುಂಚೆ ಒಂದು, ಊಟ ಆದ್ಮೇಲೆ ಒಂದು, ಮಲಗೋ ಮುಂಚೆ ಒಂದು. ಅವರು ನೋಡಿದ್ದಕ್ಕೇ ರೇಟ್ ಬಿತ್ತು ಅಂತ ಯಾರಾದ್ರೂ ಹೇಳಿದಾರಾ?

ವಿಷಯ ಇಷ್ಟೇ ಕಣ್ರಪ್ಪಾ. ನಿಮ್ಮ ರಿಪೋರ್ಟನ್ನ ನೀವೇ ತೆಗೆದು ನೋಡಿದ್ರೆ ಸ್ಕೋರಿಗೆ ಒಂದು ಪಾಯಿಂಟೂ ಕಮ್ಮಿ ಆಗಲ್ಲ. ದಿನಾ ನೋಡಿದ್ರೂ ಆಗಲ್ಲ. ನೀವು ಸಾಲಕ್ಕೋ ಕಾರ್ಡಿಗೋ ಅರ್ಜಿ ಹಾಕಿದಾಗ ಆ ಬ್ಯಾಂಕಿನವರು ನಿಮ್ಮ ರಿಪೋರ್ಟ್ ತೆಗೀತಾರಲ್ಲ, ಅದು ಎನ್‌ಕ್ವೈರಿ ಅಂತ ರಿಪೋರ್ಟಲ್ಲಿ ದಾಖಲಾಗುತ್ತೆ. ಒಂದೇ ತಿಂಗಳಲ್ಲಿ ಐದಾರು ಕಡೆ ಅರ್ಜಿ ಹಾಕಿದ್ರೆ ಇವನಿಗೆ ದುಡ್ಡಿಗೆ ತುಂಬಾ ಅರ್ಜೆಂಟ್ ಇದ್ದಂಗಿದೆ ಅಂತ ಲೆಕ್ಕ ಹಾಕಿ ಸ್ಕೋರ್ ಇಳಿಸ್ತಾರೆ. ಅವರು ನೋಡೋದು ಬೇರೆ, ನೀವು ನೋಡೋದು ಬೇರೆ. ಇದೆರಡನ್ನೂ ಒಂದೇ ಮಾಡಿ ಯಾರೋ ಪುಣ್ಯಾತ್ಮ ಎಲ್ಲೋ ಒಂದ್ಸಲ ಹೇಳಿದ್ದು, ಊರೆಲ್ಲಾ ಸುತ್ತಿ ವಾಪಸ್ ಬ್ಯಾಂಕಿಗೇ ಬಂದು ಕೂತಿದೆ.

ದರ್ಶಿನಿಗೆ ಹೋಗಿ ಎರಡು ಕಾಫಿ ತಗೊಂಡು ಅಲ್ಲೇ ಸ್ಟ್ಯಾಂಡಿಂಗ್ ಟೇಬಲ್ ಮೇಲೆ ಅವನ ಫೋನಲ್ಲಿ ರಿಪೋರ್ಟ್ ತೆಗೆಸಿದೆ. ಮೊದಲು ಅವನು ಯಾವುದೋ ಪೇಮೆಂಟ್ ಆಪ್ ಓಪನ್ ಮಾಡಿ "ಮಾಮ ಇಲ್ಲಿ 702 ತೋರಿಸ್ತಿದೆ, ಆ ಮೇಡಂ ಸುಳ್ಳು ಹೇಳಿದ್ರು" ಅಂತ ಕುಣಿದ. ಸುಳ್ಳಲ್ಲ ಮಾರಾಯ. ನಮ್ಮ ದೇಶದಲ್ಲಿ ಈ ಲೆಕ್ಕ ಇಡೋ ಕಂಪನಿಗಳು ನಾಲ್ಕಿವೆ, ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ನಾಲ್ಕೂ 300ರಿಂದ 900ರ ಒಳಗೇ ಅಂಕ ಕೊಡೋದು, ಆದ್ರೆ ಒಬ್ಬೊಬ್ಬರ ಲೆಕ್ಕಾಚಾರ ಒಂದೊಂದು ಥರ. 2000ದಲ್ಲಿ ಮೊದಲು ಶುರುವಾಗಿದ್ದು ಸಿಬಿಲ್ ಆದ್ದರಿಂದ ನಾವು ಎಲ್ಲದಕ್ಕೂ ಸಿಬಿಲ್ ಅಂತೀವಿ, ಯಾವ ಮಷೀನಲ್ಲಿ ತೆಗೆದ್ರೂ ಜೆರಾಕ್ಸ್ ಅಂದಂಗೆ. ಆಪ್ ಒಂದು ಕಂಪನಿಯ ಅಂಕ ತೋರಿಸಿದೆ, ಬ್ಯಾಂಕು ಇನ್ನೊಂದರದ್ದು ನೋಡಿದೆ, ಅಷ್ಟೇ.

ಮತ್ತೆ ಅಂಕ ನೋಡಿ ಫೋನ್ ಮುಚ್ಚೋದಲ್ಲ, ರಿಪೋರ್ಟ್ ಪೂರ್ತಿ ಓದ್ಬೇಕು. ಎಸ್ಸೆಸ್ಸೆಲ್ಸಿಲಿ ಫೇಲ್ ಅಂದ್ರೆ ಯಾವ ಸಬ್ಜೆಕ್ಟ್ ಅಂತ ಕೇಳಲ್ವಾ ನಾವು? ಇದರಲ್ಲಿ ಯಾಕೆ ಕೇಳಲ್ಲ? ಈ ಪೂರ್ತಿ ರಿಪೋರ್ಟನ್ನ ವರ್ಷಕ್ಕೊಂದ್ಸಲ ಪುಕ್ಕಟೆ ಕೊಡ್ಬೇಕು ಅಂತ ರಿಸರ್ವ್ ಬ್ಯಾಂಕ್ ರೂಲ್ ಇದೆ, 2017ರ ಜನವರಿಯಿಂದ. ನಾಲ್ಕು ಕಂಪನಿ, ನಾಲ್ಕು ರಿಪೋರ್ಟ್, ಅಂದ್ರೆ ಮೂರು ತಿಂಗಳಿಗೊಂದು ನೋಡ್ಕೊಂಡ್ರೂ ಜೇಬಿಂದ ಒಂದು ರೂಪಾಯಿ ಹೋಗಲ್ಲ. ಆದ್ರೆ ಕಂಪನಿಯ ಸ್ವಂತ ವೆಬ್‌ಸೈಟಿಗೇ ಹೋಗಿ, ದುಡ್ಡು ಕಟ್ಟೋ ಪ್ಲಾನ್ ಮೇಲೆ ಕೈ ಹೋಗದಂಗೆ ನೋಡ್ಕೊಳಿ.

ಸರಿ, ರಿಪೋರ್ಟಲ್ಲಿ ಏನಿತ್ತು?

ಒಂದು ಕ್ರೆಡಿಟ್ ಕಾರ್ಡ್. "ಇದು ನಂದಲ್ಲ ಮಾಮ" ಅಂದ. ಕಾಫಿ ಅರ್ಧ ಮುಗಿಯೋ ಹೊತ್ತಿಗೆ ನೆನಪಾಯ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಫ್ಯಾಕ್ಟರಿ ಗೇಟ್ ಹತ್ರ ಒಬ್ಬ ಟೇಬಲ್ ಹಾಕ್ಕೊಂಡು ಕೂತಿದ್ನಂತೆ, ಫ್ರೀ ಸರ್, ಓಟಿಪಿ ಹೇಳಿ ಸಾಕು ಅಂದ್ನಂತೆ, ಇವನು ಹೇಳಿದ್ನಂತೆ. ಕಾರ್ಡ್ ಬಂತು, ಬೀರುಗೆ ಹೋಯ್ತು, ಒಂದು ಪೆನ್ಸಿಲ್ ಕೂಡ ಅದರಲ್ಲಿ ತಗೊಂಡಿಲ್ಲ. ಫ್ರೀ ಇದ್ದಿದ್ದು ಮೊದಲನೇ ವರ್ಷಕ್ಕೆ. ಎರಡನೇ ವರ್ಷ 500 ರೂಪಾಯಿ ಫೀಸು, ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 590. ಇವನು ಅಷ್ಟರಲ್ಲಿ ಸಿಮ್ ಬದಲಾಯಿಸಿದ್ದ, ಮೆಸೇಜೆಲ್ಲಾ ಹಳೇ ನಂಬರಿಗೆ. 590ಕ್ಕೆ ಲೇಟ್ ಫೀಸು, ಲೇಟ್ ಫೀಸಿಗೂ ಟ್ಯಾಕ್ಸು. ರಿಪೋರ್ಟಲ್ಲಿ ತಿಂಗಳಿಗೊಂದು ಚೌಕ ಇರುತ್ತೆ, ಕಂತು ಕಟ್ಟೋ ದಿನ ದಾಟಿ ಎಷ್ಟು ದಿನ ಆಯ್ತು ಅಂತ ಅದರಲ್ಲಿ ಬರೆದಿರ್ತಾರೆ. ಸರಿಯಾಗಿ ಕಟ್ಟಿದ್ರೆ 000. ಇವನದ್ದು 30, 60, 90 ಅಂತ ಮೆಟ್ಟಿಲು ಹತ್ಕೊಂಡು ಹೋಗಿದೆ.

ಬೈಕ್ ಸಾಲದ ಕಂತು ಒಂದೂ ತಪ್ಪಿಸಿಲ್ಲ ಈ ಹುಡುಗ. ಹಬ್ಬಕ್ಕೆ ಊರಿಗೆ ಹೋಗದೇ ಓಟಿ ಮಾಡಿ ಕಟ್ಟಿದಾನೆ. ಅಂಥವನ ಮನೆ ಸಾಲ ನಿಂತಿದ್ದು ಬಳಸದೇ ಇರೋ ಕಾರ್ಡಿನ 590 ರೂಪಾಯಿಗೆ.

ಅದರ ಕೆಳಗೆ ಇನ್ನೊಂದು ಭಾಗ್ಯ. ಹೋದ ತಿಂಗಳು ಒಂದೇ ವಾರದಲ್ಲಿ ಏಳು ಎನ್‌ಕ್ವೈರಿ. ಏನೋ ಇದು ಅಂದ್ರೆ, ಯಾವ ಬ್ಯಾಂಕಲ್ಲಿ ಬಡ್ಡಿ ಕಮ್ಮಿ ಅಂತ ನೋಡಕ್ಕೆ ಆನ್‌ಲೈನಲ್ಲಿ ಎಲ್ಲಾ ಕಡೆ ಅಪ್ಲೈ ಮಾಡಿದ್ನಂತೆ! ಸ್ಕೋರ್ ಇಳಿಯುತ್ತೆ ಅಂತ ಸ್ವಂತ ರಿಪೋರ್ಟ್ ನೋಡಲ್ಲ, ಆದ್ರೆ ನಿಜವಾಗ್ಲೂ ಇಳಿಸೋ ಕೆಲಸಾನ ಏಳು ಸಲ ಮಾಡಿದಾನೆ. ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ, ಇನ್ನೊಂದು ವಡೆ ಹೇಳ್ದೆ.

ಬೈತಾ ಬೈತಾ ಸುಮ್ಮನಾಗಿಬಿಟ್ಟೆ ಮಾತ್ರ. ಯಾಕಂದ್ರೆ ಈ ವಿಷಯದಲ್ಲಿ ನಾನೇನು ಸಾಚಾ ಅಲ್ಲ. ನಮ್ಮ ಮನೆಯವಳಿಗೂ ಇದು ಇವತ್ತೇ ಗೊತ್ತಾಗೋದು, ಓದಿದ ಮೇಲೆ ಫೋನ್ ಮಾಡು, ಕಾಮೆಂಟಲ್ಲಿ ಬೇಡ. 2011ರಲ್ಲಿ ನನ್ನ ಕಾರ್ಡಲ್ಲಿ 38 ಸಾವಿರ ಬಾಕಿ ಇತ್ತು. ವಸೂಲಿಯವನು ಫೋನ್ ಮಾಡಿ 15 ಸಾವಿರ ಕೊಟ್ಟುಬಿಡಿ ಸರ್, ಸೆಟ್ಲ್ ಮಾಡ್ಕೊಳೋಣ ಅಂದ. ಆಹಾ ಎಂಥಾ ಒಳ್ಳೆ ಮನುಷ್ಯ ಅಂತ ಕಟ್ಟಿದೆ. 23 ಸಾವಿರ ಉಳೀತು ಅಂತ ಫ್ರೆಂಡ್ಸಿಗೆ ಬಿರಿಯಾನಿ ಕೊಡಿಸಿದ್ದೂ ಉಂಟು, ತಿಂದವರು ಈ ಪೋಸ್ಟ್ ಓದ್ತಿದಾರೆ. 2016ರಲ್ಲಿ ನನ್ನ ಹೆಸರಲ್ಲಿ ಲೋನ್ ಕೇಳಿದಾಗ ಗೊತ್ತಾಯ್ತು, ನನ್ನ ರಿಪೋರ್ಟಲ್ಲಿ 'ಸೆಟ್ಲ್ಡ್' ಅಂತ ಕೂತಿತ್ತು. ನಮ್ಮ ಕಡೆ ಹುಡುಗ ಸೆಟ್ಲ್ ಆಗಿದಾನೆ ಅಂದ್ರೆ ಹೆಣ್ಣು ಕೊಡ್ತಾರೆ. ಇವರ ಕಡೆ ಸೆಟ್ಲ್ಡ್ ಅಂದ್ರೆ ಪೂರ್ತಿ ಕಟ್ಟದೇ ಕೈ ತೊಳ್ಕೊಂಡವನು ಅಂತ ಅರ್ಥ, ಸಾಲನೂ ಕೊಡಲ್ಲ. ಪೂರ್ತಿ ಕಟ್ಟಿ 'ಕ್ಲೋಸ್ಡ್' ಅಂತ ಮಾಡಿಸ್ಕೋಬೇಕಿತ್ತು. ಐದು ವರ್ಷ ಅದು ಅಲ್ಲೇ ಬಿದ್ದಿತ್ತು, ನಾನು ನೋಡೇ ಇರ್ಲಿಲ್ಲ. ಯಾಕೆ ನೋಡಿರ್ಲಿಲ್ಲ? ನೋಡಿದ್ರೆ ಕಮ್ಮಿ ಆಗುತ್ತೆ ಅಂತ ನನಗೂ ಯಾರೋ ಹೇಳಿದ್ರು!

ಈಗ ಒಬ್ಬರು ಬರ್ತಾರೆ ಕಾಮೆಂಟಿಗೆ, ಯಾರು ಅಂತ ಹೆಸರು ಹೇಳಲ್ಲ, ಪ್ರತಿ ಸಲ ಬರ್ತಾರೆ. "ಸಾಲನೇ ಮಾಡ್ಬಾರ್ದು ಗುರುವೇ, ನಮ್ಮಜ್ಜನ ಕಾಲದಲ್ಲಿ ಯಾವ ಸ್ಕೋರ್ ಇತ್ತು?" ಇತ್ತು ಸ್ವಾಮಿ, ಇತ್ತು. ನಮ್ಮಜ್ಜ ಬೆಳೆ ಬರೋ ಮುಂಚೆ ಮಂಡಿ ಸಾಹುಕಾರರ ಹತ್ರ ಮುಂಗಡ ತರ್ತಿದ್ರು, ಅವರು ಕೆಂಪು ರಟ್ಟಿನ ಪುಸ್ತಕ ತಿರುವಿ, ಹೋದ ವರ್ಷ ಅಡಿಕೆ ನಮ್ಮ ಮಂಡಿಗೇ ಹಾಕಿದ್ರೋ ಪಕ್ಕದ ಮಂಡಿಗೆ ಹಾಕಿದ್ರೋ ನೋಡಿ, ಆಮೇಲೆ ದುಡ್ಡು ಎಣಿಸ್ತಿದ್ರು. ಆ ಪುಸ್ತಕ ತೋರಿಸಿ ಸಾಹುಕಾರ್ರೇ ಅಂತ ಕೇಳೋ ಧೈರ್ಯ ಯಾರಿಗಿತ್ತು? ಈಗ ಕೇಳ್ಬಹುದು, ಕೇಳಿದ್ರೆ ಕೊಡ್ಲೇಬೇಕು, ಈ ಕ್ರೆಡಿಟ್ ಕಂಪನಿಗಳಿಗೆ ಅಂತಲೇ 2005ರ ಕಾಯ್ದೆ ಇದೆ, ಆದ್ರೂ ನಾವು ಕೇಳಲ್ಲ. ಇನ್ನು ಸಾಲನೇ ಮಾಡದವನಿಗೆ ಸ್ಕೋರೂ ಇರಲ್ಲ. ಹಿಂದಿನ ಸಾಲದ ದಾಖಲೆ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಮೊದಲ ಸಲ ಕೇಳೋರ ಅರ್ಜಿ ತಿರಸ್ಕರಿಸ್ಬಾರ್ದು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ, ಸರಿ, ಆದ್ರೆ ನೀವು ಮನೆ ಕಟ್ಟೋವಾಗ ಪೂರ್ತಿ ಕ್ಯಾಶ್ ತರ್ತೀರಾ? ತರೋದಾದ್ರೆ ನನಗೂ ಸ್ವಲ್ಪ ಕೊಡಿ, ಸ್ಕೋರ್ ಕೇಳ್ಬೇಡಿ.

ಹಾಂ, ಮರೆತಿದ್ದೆ. ನೆಂಟರಿಷ್ಟರಿಗೆ ಜಾಮೀನು ಹಾಕಿದೀರಲ್ಲ, ಅದೂ ನಿಮ್ಮ ರಿಪೋರ್ಟಲ್ಲಿ ಬರುತ್ತೆ. ಅವರು ಕಂತು ತಪ್ಪಿಸಿದ್ರೆ ಪೆಟ್ಟು ನಿಮಗೂ. ಒಂದ್ಸಲ ತೆಗೆದು ನೋಡಿ, ಯಾವ ಷಡ್ಡಕ ಏನು ಮಾಡಿಟ್ಟಿದಾನೋ.

ತಪ್ಪು ಮಾಹಿತಿ ಇದ್ರೆ ಅದೇ ವೆಬ್‌ಸೈಟಲ್ಲಿ ಡಿಸ್ಪ್ಯೂಟ್, ಅಂದ್ರೆ ತಕರಾರು ಹಾಕ್ಬಹುದು, ಅದಕ್ಕೂ ದುಡ್ಡಿಲ್ಲ. 30 ದಿನದೊಳಗೆ ಇತ್ಯರ್ಥ ಮಾಡದಿದ್ರೆ ಆಮೇಲೆ ದಿನಕ್ಕೆ 100 ರೂಪಾಯಿ ಅವರೇ ನಿಮಗೆ ಕೊಡ್ಬೇಕು, 2024ರ ಏಪ್ರಿಲ್‌ನಿಂದ ಈ ರೂಲ್ ಬಂದಿದೆ. ಅದಕ್ಕೂ ಬಗ್ಗದಿದ್ರೆ ದೂರು ಕೇಳಕ್ಕೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದಾರೆ. 'ಸಿಬಿಲ್ ಸರಿ ಮಾಡಿಕೊಡುತ್ತೇವೆ' ಅಂತ ಕರೆಂಟ್ ಕಂಬಕ್ಕೆ ಚೀಟಿ ಅಂಟಿಸಿರ್ತಾರಲ್ಲ, ಅವರಿಗೆ ಐದು ಸಾವಿರ ಕೊಡ್ಬೇಡಿ. ನಿಜವಾಗ್ಲೂ ಕಟ್ಟದೇ ಬಿಟ್ಟಿದ್ದನ್ನ ಅಳಿಸಕ್ಕೆ ಅವರಪ್ಪನ ಕೈಲೂ ಆಗಲ್ಲ.

ನಮ್ಮ ಹುಡುಗಂದು ತಪ್ಪು ಮಾಹಿತಿ ಅಲ್ಲ, ನಿಜವಾದ ಬಾಕಿ. ಸೆಟ್ಲ್ ಮಾಡ್ತೀವಿ ಸರ್ ಅಂತ ಕಸ್ಟಮರ್ ಕೇರಿನವನು ಶುರು ಮಾಡಿದ ಕೂಡ್ಲೇ ಫೋನ್ ಕಿತ್ಕೊಂಡು ಬೇಡಪ್ಪಾ, ಪೂರ್ತಿ ಕಟ್ತೀವಿ, ಕಾರ್ಡ್ ಕ್ಲೋಸ್ ಮಾಡಿ, ಬಾಕಿ ಏನೂ ಇಲ್ಲ ಅನ್ನೋ ನೋ ಡ್ಯೂ ಲೆಟರ್ ಕಳಿಸಿ ಅಂದೆ. ನನ್ನ 15 ಸಾವಿರದ ಪಾಠ ಅಷ್ಟಕ್ಕಾದ್ರೂ ಬಂತು. ಬ್ಯಾಂಕುಗಳು ಈ ಲೆಕ್ಕಾನ ಆ ನಾಲ್ಕು ಕಂಪನಿಗಳಿಗೆ ಈಗ ಮೊದಲಿಗಿಂತ ಬೇಗ ಬೇಗ ಕಳಿಸ್ಬೇಕು, ಹಾಗಾಗಿ ಬಾಕಿ ಸೊನ್ನೆ ಆಗಿದ್ದು ಬೇಗ ಕಾಣುತ್ತೆ. ಆ 30, 60, 90 ಮಾತ್ರ ಬೇಗ ಅಳಿಸಿ ಹೋಗಲ್ಲ, ಅದನ್ನೂ ಹೇಳಿದೀನಿ ಅವನಿಗೆ. ಮುಖ ಸಣ್ಣದು ಮಾಡ್ಕೊಂಡು ಸೆಕೆಂಡ್ ಶಿಫ್ಟಿಗೆ ಹೋದ.

ಇದನ್ನ ಟೈಪ್ ಮಾಡ್ತಾ ಇರೋವಾಗ ಅಕ್ಕ ಫೋನ್ ಮಾಡಿದ್ಲು. ಮನೆ ಕೆಲಸ ಯಾವಾಗ ಶುರು ಅಂತ ಕೇಳ್ತಾಳೆ, ಏನಪ್ಪಾ ಹೇಳೋದು ಅಂತ ಗಂಟಲು ಸರಿ ಮಾಡ್ಕೊಂಡೆ. ಅವಳು ಕೇಳಿದ್ದೇ ಬೇರೆ.

"ಹೋಟ್ಲಲ್ಲಿ ಕೂತ್ಕೊಂಡು ಅವನ ಸಿಬಿಲ್ ನೋಡಿದ್ಯಂತೆ? ನಿಂಗೆ ಬುದ್ಧಿ ಇಲ್ವಾ? ಈಗ ಅದು ಇನ್ನೆಷ್ಟು ಕಮ್ಮಿ ಆಯ್ತೋ?"